ಗೋವಾದವರಿಗೆ ತಡೆ, ಹುಬ್ಬಳ್ಳಿಯವರಿಗೆ ಸ್ವಾಗತ

ಪಣಜಿಯ ಮಾಂಡವಿ ನದಿಯಲ್ಲಿ ಲಂಗರು ಹಾಕಿ ನಿಂತ ಕ್ಯಾಸಿನೊ ಹಡಗುಗಳಲ್ಲಿ 2020ರ ಫೆಬ್ರುವರಿ 1ರಿಂದ ಗೋವಾದವರು ಆಡುವಂತಿಲ್ಲ. ಕೆಲಸಕ್ಕೆ ಹೋಗಬಹುದು. ಮೇಜಿನ ಮೇಲೆ ಎಲೆ ಹಂಚಬಹುದು, ಅಡುಗೆ ಮಾಡಬಹುದು, ಬಾಗಿಲು ಕಾಯಬಹುದು. ಪಣಕ್ಕೆ ದುಡ್ಡು ಇಡಬಾರದು, ಅಷ್ಟೆ.

ಈ ತಡೆ ತೆಗೆಯಬೇಕೆನ್ನುವವರ ವಾದ ಸರಳ: ವಯಸ್ಸಿಗೆ ಬಂದವರು, ದುಡಿದ ದುಡ್ಡು, ಸರ್ಕಾರಕ್ಕೇನು? ಕ್ಯಾಸಿನೊದ ದೀಪಗಳನ್ನು ದೂರದಿಂದ ನೋಡುವವನಿಗೆ ಇದು ನ್ಯಾಯವಾಗಿಯೇ ಕೇಳಿಸುತ್ತದೆ. ಆದರೆ ಸೋತವನು ಕಳೆಯುವುದು ತಾನು ದುಡಿದದ್ದನ್ನು ಮಾತ್ರವಲ್ಲ. ಹೆಂಡತಿಯ ಒಡವೆ, ಮಗಳ ಕಾಲೇಜಿನ ಶುಲ್ಕ, ಅಣ್ಣ ಜಾಮೀನು ನಿಂತ ಸಾಲವೂ ಹೋಗುತ್ತವೆ. ದಕ್ಷಿಣ ಕೊರಿಯಾ ತನ್ನ ಕ್ಯಾಸಿನೊಗಳನ್ನೆಲ್ಲ ವಿದೇಶಿಯರಿಗೆ ಮೀಸಲಿಟ್ಟು, ಒಂದನ್ನು ಮಾತ್ರ ಕೊರಿಯನ್ನರಿಗೆ ತೆರೆಯಿತು. ಕಲ್ಲಿದ್ದಲು ಗಣಿಗಳು ಮುಚ್ಚಿ ಬಡವಾದ ಜಾಂಗ್‌ಸನ್ ಸೀಮೆಗೆ ಜೀವ ತುಂಬಲೆಂದು 2000ದಲ್ಲಿ ಶುರುವಾದ ಕಾಂಗ್ವನ್ ಲ್ಯಾಂಡ್ ಅದು. ಅದರ ಬುಡದ ಸಾಬುಕ್ ಪಟ್ಟಣದಲ್ಲಿ ಗಿರವಿ ಅಂಗಡಿಗಳು ಸಾಲುಗಟ್ಟಿದವು, ಜನ ಬಂದ ಕಾರನ್ನೇ ಅಡವಿಟ್ಟು ಆಡಿದರು. ಹೀಗಾಗಿ ತಡೆ ತೆಗೆಯಿರಿ ಎಂಬ ಮಾತಿಗೆ ನನ್ನ ಒಪ್ಪಿಗೆಯಿಲ್ಲ.

ನನ್ನ ತಕರಾರು ಬೇರೆ. ಗೋವಾದ 1976ರ ಕಾನೂನು ಜೂಜನ್ನು ಅಪರಾಧ ಎಂದೇ ಎಣಿಸಿತ್ತು. 1992ರಲ್ಲಿ ಅದನ್ನು ತಿದ್ದಿ ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಯಂತ್ರಗಳಿಗೆ, 1996ರಲ್ಲಿ ಹಡಗುಗಳಲ್ಲಿ ಮೇಜಿನ ಆಟಗಳಿಗೆ ದಾರಿ ಮಾಡಲಾಯಿತು. ಸ್ಥಳೀಯರನ್ನು ದೂರವಿಡುವ ತಿದ್ದುಪಡಿ 2012ರಲ್ಲೇ ಬಂದರೂ ಜಾರಿಗೆ ಬರಲು 2020 ಆಗಬೇಕಾಯಿತು. ಆಟದಿಂದ ಮನೆ ಮುರಿಯುತ್ತದೆ ಎಂದು ಸರ್ಕಾರಕ್ಕೆ ಮನವರಿಕೆಯಾಗದೆ ಇಂಥ ತಡೆ ಹುಟ್ಟುವುದಿಲ್ಲ. ಮನವರಿಕೆಯಾದ ಮೇಲೆ ಆ ಕಾಳಜಿ ಗಡಿಯ ಪತ್ರಾದೇವಿ ತಪಾಸಣಾ ನಾಕಾದಲ್ಲೋ ಚೋರ್ಲಾ ಘಾಟಿನ ತುದಿಯಲ್ಲೋ ನಿಂತುಬಿಡುವುದೇಕೆ? ಗೋವಾ ಪಕ್ಕದ ಮನೆಯವರ ದುಡ್ಡಿನಿಂದ ಖಜಾನೆ ತುಂಬಿಸಿಕೊಂಡು, ಅದರ ನೋವನ್ನು ಪಕ್ಕದ ಮನೆಗೇ ಬಿಟ್ಟುಕೊಡುತ್ತಿದೆ.

ಆ ಪಕ್ಕದ ಮನೆ ನಮ್ಮದು. 2007ರಲ್ಲಿ ಲಾಟರಿ ನಿಲ್ಲಿಸಿದ ಕರ್ನಾಟಕದ ಬೆಳಗಾವಿಯಿಂದ ಪಣಜಿಗೆ ಕೆಲವೇ ತಾಸಿನ ದಾರಿ. ಹುಬ್ಬಳ್ಳಿಯ ವ್ಯಾಪಾರಿ ಶನಿವಾರ ಅಂಗಡಿ ಮುಚ್ಚಿ ಹೊರಟು ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯಬಹುದು. ಗೋವಾದ ವಾಸ್ಕೊದಲ್ಲಿ ಉತ್ತರ ಕರ್ನಾಟಕದಿಂದ ವಲಸೆ ಹೋದ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಅಲ್ಲಿನ ವಿಳಾಸವಿರುವ ಅಣ್ಣನನ್ನು ಕಾನೂನು ಬಾಗಿಲಲ್ಲಿ ತಡೆಯುತ್ತದೆ. ಬಾಗಲಕೋಟೆಯಲ್ಲೇ ಉಳಿದ ತಮ್ಮನನ್ನು ಒಳಗೆ ಬಿಡುತ್ತದೆ. ಇಬ್ಬರಿಗೂ ಒಂದೇ ಹೊಲ, ಒಂದೇ ಸಾಲ, ಒಬ್ಬಳೇ ತಾಯಿ. ವಿಳಾಸ ನೋಡಿ ಕಾಪಾಡುವ ಕಾನೂನಿನ ಸೋಲು ನನಗೆ ಇಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಮೊನಾಕೊ ಕೂಡ ಹತ್ತೊಂಬತ್ತನೇ ಶತಮಾನದಿಂದ ತನ್ನ ಪ್ರಜೆಗಳನ್ನು ದೂರವಿಟ್ಟು ಹೊರಗಿನವರನ್ನು ಆಡಿಸಿಕೊಂಡೇ ಬಂದಿದೆ. ಹಳೆಯ ಪದ್ಧತಿ ಎಂಬ ಕಾರಣಕ್ಕೆ ಅದು ನ್ಯಾಯವಾಗದು.

ಸಿಂಗಪುರ ಬೇರೆ ದಾರಿ ಹಿಡಿಯಿತು. 2010ರಲ್ಲಿ ಎರಡು ಕ್ಯಾಸಿನೊ ತೆರೆದಾಗ ತನ್ನ ನಾಗರಿಕರನ್ನೂ ಕಾಯಂ ನಿವಾಸಿಗಳನ್ನೂ ಒಳಗೆ ಬಿಟ್ಟಿತು, ಆದರೆ ದಿನಕ್ಕೆ 100 ಸಿಂಗಪುರ ಡಾಲರ್ ಪ್ರವೇಶ ಸುಂಕ ಹೇರಿತು. 2019ರಲ್ಲಿ ಅದು 150ಕ್ಕೇರಿತು. ಸುಂಕದ ಬಗ್ಗೆ ನನಗೆ ಉತ್ಸಾಹವಿಲ್ಲ. ಚಟ ಹತ್ತಿದವನು ಆ ಹಣವನ್ನೂ ಮರಳಿ ಗೆಲ್ಲಲು ಕೂರುತ್ತಾನೆ. ನಾನು ಮೆಚ್ಚುವುದು ಇನ್ನೊಂದು ಏರ್ಪಾಡನ್ನು: ಜೂಜಿನಿಂದ ಸಂಸಾರ ಕೆಡುತ್ತಿದ್ದರೆ ಹೆಂಡತಿ, ತಂದೆತಾಯಿ, ಮಕ್ಕಳು ಅರ್ಜಿ ಕೊಟ್ಟು ಆತನ ಪ್ರವೇಶವನ್ನೇ ನಿಲ್ಲಿಸಬಹುದು. ದಿವಾಳಿಯಾದವರನ್ನೂ ಸರ್ಕಾರದ ನೆರವಿನಿಂದ ಬದುಕುವವರನ್ನೂ ಯಾರೂ ಕೇಳದೆಯೇ ಹೊರಗಿಡಲಾಗುತ್ತದೆ. ಕ್ಯಾಸಿನೊದೊಳಗೆ ಎಟಿಎಂ ಇಡುವಂತಿಲ್ಲ.

ಮಾಂಡವಿಗೆ ಬೇಕಾದದ್ದು ಇದು. ಹಡಗು ಹತ್ತುವ ಮುನ್ನ ಗುರುತಿನ ಚೀಟಿ ಹೇಗೂ ನೋಡುತ್ತಾರೆ. ಅದೇ ಹೊತ್ತಿನಲ್ಲಿ ಕುಟುಂಬದವರು ಬೇಡವೆಂದು ಬರೆಸಿದ ಹೆಸರುಗಳ ಪಟ್ಟಿಯನ್ನೂ ನೋಡಬಹುದು. ಆ ಪಟ್ಟಿಗೆ ಮಾಪುಸಾದ ಹೆಣ್ಣುಮಗಳು ಹೆಸರು ಕೊಡುವಷ್ಟೇ ಸುಲಭವಾಗಿ ಬೆಳಗಾವಿಯವಳೂ ಕನ್ನಡದಲ್ಲಿ ಅರ್ಜಿ ಬರೆದು ಕೊಡುವಂತಿರಬೇಕು. ನದಿ ನೀರಿನ ಬಗ್ಗೆ ಗೋವಾದೊಂದಿಗೆ ದಶಕಗಳಿಂದ ವಾದಿಸುವ ಕರ್ನಾಟಕ ಸರ್ಕಾರ ಈ ಬೇಡಿಕೆಯನ್ನೂ ಮುಂದಿಡಬೇಕು.