ಯಂತ್ರಕಂಠದ ‘ನಾನು’: ಜಪಾನಿನ ಗುಪ್ತನಾಮದ ಗೀತಕಾರರನ್ನು ಕುರಿತು ಒಂದು ವಿವೇಚನೆ

ಗೀತೆಯಲ್ಲಿ ಬರುವ ‘ನಾನು’ ಎಂಬ ಮಾತು ಗೀತಕಾರನನ್ನೇ ನಿರ್ದೇಶಿಸುತ್ತದೆಯೆಂದು ಭಾವಿಸಿ, ಅದರ ಬಲದಿಂದ ಅವನ ಜೀವನವೃತ್ತಾಂತವನ್ನು ಊಹಿಸುವ ಪದ್ಧತಿ ವಿಮರ್ಶೆಯಲ್ಲಿ ಬಹುಕಾಲದಿಂದ ರೂಢವಾಗಿದೆ. ಇತಿಹಾಸದ ಅಭ್ಯಾಸಿಗಳಾದ ನಾವೂ ಈ ದೋಷದಿಂದ ಮುಕ್ತರಲ್ಲ. ಜಪಾನಿನಲ್ಲಿ 2007ರಿಂದೀಚೆಗೆ ಬೆಳೆದುಬಂದ ಒಂದು ಗೀತಪ್ರಕಾರವು ಈ ಪದ್ಧತಿಯನ್ನು ಕಠಿನ ಪರೀಕ್ಷೆಗೆ ಒಡ್ಡುತ್ತದೆಯಾದುದರಿಂದ ಅದನ್ನು ಇಲ್ಲಿ ವಿವೇಚಿಸಬಯಸುತ್ತೇವೆ.

ಆ ವರ್ಷದ ಆಗಸ್ಟ್ 31ರಂದು ಸಪ್ಪೊರೊ ನಗರದ ಕ್ರಿಪ್ಟನ್ ಫ್ಯೂಚರ್ ಮೀಡಿಯಾ ಸಂಸ್ಥೆಯು ‘ಹತ್ಸುನೆ ಮಿಕು’ ಎಂಬ ಗಾಯನ ತಂತ್ರಾಂಶವನ್ನು ಹೊರತಂದಿತು. ಫುಜಿತಾ ಸಾಕಿ ಎಂಬ ನಟಿಯ ಧ್ವನಿಯನ್ನು ಸಣ್ಣ ತುಣುಕುಗಳಾಗಿ ಮುದ್ರಿಸಿಟ್ಟುಕೊಂಡು, ಬಳಸುವವನು ಬರೆದ ಸ್ವರಕ್ಕೂ ಅಕ್ಷರಕ್ಕೂ ತಕ್ಕಂತೆ ಅವನ್ನು ಜೋಡಿಸಿ ಹಾಡಿಸುವ ಈ ವಿಧಾನ ಯಮಾಹಾ ಸಂಸ್ಥೆಯ ವೋಕಲಾಯ್ಡ್. ಪ್ರಕಾಶಕರು ಈ ಕಲ್ಪಿತ ಗಾಯಕಿಗೆ ಒಂದು ಚಿತ್ರವನ್ನೂ, 16 ವರ್ಷ ವಯಸ್ಸನ್ನೂ, 158 ಸೆಂಟಿಮೀಟರ್ ಎತ್ತರವನ್ನೂ, ನಿಮಿಷಕ್ಕೆ 70ರಿಂದ 150 ತಾಳದ ಪೆಟ್ಟುಗಳ ಗತಿ ಈಕೆಗೆ ಒಪ್ಪುತ್ತದೆಂಬ ಸೂಚನೆಯನ್ನೂ ಕೊಟ್ಟರೇ ಹೊರತು ಜೀವನಕಥೆಯನ್ನು ಕೊಡಲಿಲ್ಲ. ಈ ಬರಿದುತನವೇ ಫಲವತ್ತಾದುದು. ಹವ್ಯಾಸಿ ಗೀತಕಾರರು ತಮ್ಮ ರಚನೆಗಳನ್ನು ಆಕೆಯಿಂದ ಹಾಡಿಸಿ, ನಿಕೊನಿಕೊ ಎಂಬ ಚಲಚ್ಚಿತ್ರತಾಣದಲ್ಲಿ ಗುಪ್ತನಾಮಗಳಿಂದ ಪ್ರಕಟಿಸತೊಡಗಿದರು. ಕಾವ್ಯನಾಮ ನಮಗೆ ಹೊಸದಲ್ಲ; ಆದರೆ ನಮ್ಮಲ್ಲಿ ಅದರ ಹಿಂದಿನ ವ್ಯಕ್ತಿ ಸಾಮಾನ್ಯವಾಗಿ ಓದುಗರಿಗೆ ಪರಿಚಿತನೇ. ಇಲ್ಲಿ ಎಷ್ಟೋ ವೇಳೆ ಹೆಸರಿಟ್ಟವರು ಕೇಳುಗರೇ. ವೊವಾಕಾ ಎಂಬಾತನಿಗೆ ‘ವಾಸ್ತವದಿಂದ ಪಲಾಯನ’ ಎಂಬರ್ಥದ ಇನ್ನೊಂದು ಹೆಸರೂ ಇತ್ತು.

ಉಸಿರಿಲ್ಲದ ಯಂತ್ರಕ್ಕೆ ಭಾವವೆಲ್ಲಿಯದು ಎಂಬ ಆಕ್ಷೇಪಕ್ಕೆ ಉತ್ತರ ಕೃತಿಗಳಲ್ಲಿಯೇ ಇದೆ. ಕಾಸ್ಮೊ ಎಂಬ ಗೀತಕಾರನ ‘ಹತ್ಸುನೆ ಮಿಕುವಿನ ಅಂತರ್ಧಾನ’ (ದೀರ್ಘರೂಪ, 2008) ನಿಮಿಷಕ್ಕೆ 240 ಪೆಟ್ಟುಗಳ ಗತಿಯಲ್ಲಿ ಓಡುತ್ತದೆ. ಪ್ರಕಾಶಕರ ಮಿತಿಯನ್ನು ಇಷ್ಟು ದೂರ ಮೀರಿದ ಆ ವೇಗದಲ್ಲಿ, ಅಳಿಸಿಹೋಗಲಿರುವವಳ ಅವಸರವೇ ಕೇಳಿಸುತ್ತದೆ. ಮನುಷ್ಯಕಂಠ ನಡುವೆ ಉಸಿರೆಳೆದುಕೊಂಡಿದ್ದರೆ ಆ ಅವಸರ ಸಡಿಲವಾಗುತ್ತಿತ್ತು. ಯಂತ್ರದ ಕೊರತೆಯೇ ಇಲ್ಲಿ ಭಾವಸಾಧನವಾಗಿದೆ.

ಅಭಿಮಾನಿಗಳ ಪಕ್ಷವನ್ನೂ ನಾವು ಪೂರ್ತಿಯಾಗಿ ಒಪ್ಪಲಾರೆವು. ಮುಖ ಮರೆಯಾದುದರಿಂದ ಹೃದಯ ಬಯಲಾಯಿತೆಂದು ಅವರು ಹೇಳುವರು. ಹಾಗಾದರೆ 2007ರ ಡಿಸೆಂಬರಿನಲ್ಲಿ ರ್ಯೋ ಎಂಬಾತ ರಚಿಸಿದ ‘ಮೆಲ್ಟ್’ ಗೀತೆಯಲ್ಲಿ ಪ್ರಥಮಪ್ರೇಮವನ್ನು ನಿವೇದಿಸುವ ಹುಡುಗಿ ಯಾರು? ಕಾಸ್ಮೊನ ಗೀತೆಯಲ್ಲಂತೂ ಮಾತನಾಡುವವಳು ತಂತ್ರಾಂಶವೇ. ರಚಿಸಿದವನು, ಧ್ವನಿಯಿತ್ತವಳು, ಚಿತ್ರದಲ್ಲಿ ಕಾಣುವವಳು ಎಂದು ಮೂವರು ಒಂದೇ ‘ನಾನು’ವಿನಲ್ಲಿ ಕೂಡಿರುವಾಗ, ಅದನ್ನು ಒಬ್ಬನ ಹೇಳಿಕೆಯೆಂದು ದಾಖಲೆಗೆ ಸೇರಿಸುವುದು ಹೇಗೆ?

ಇದು ಬರಿಯ ತರ್ಕದ ಮಾತಲ್ಲ. ವೊವಾಕಾನ ‘ರೋಲಿಂಗ್ ಗರ್ಲ್’ (2010) ಮತ್ತೆ ಮತ್ತೆ ಉರುಳಿ ಬೀಳುವ ಹುಡುಗಿಯೊಬ್ಬಳ ಹಾಡು. ಆತ 2019ರ ಏಪ್ರಿಲ್ 5ರಂದು 31ನೆಯ ವಯಸ್ಸಿನಲ್ಲಿ ತೀರಿಕೊಂಡನು. ಪ್ರಕಟವಾದ ಕಾರಣ ಹೃದಯವೈಫಲ್ಯ. ಈ ಅಂತ್ಯವನ್ನು ತಿಳಿದ ಮೇಲೆ ಆ ಹಾಡಿನಲ್ಲಿ ಮುನ್ಸೂಚನೆಯನ್ನು ಹುಡುಕುವ ಆಸೆ ಯಾರಿಗೂ ಹುಟ್ಟಬಹುದು, ನಮಗೂ ಹುಟ್ಟಿತ್ತು. ಆದರೆ ಒಂಬತ್ತು ವರ್ಷ ಮುಂಚಿನ ಗೀತೆಯನ್ನು ಮರಣದ ಸಾಕ್ಷ್ಯವಾಗಿ ಓದುವುದು ಕಾಲಕ್ರಮಕ್ಕೂ ಮೃತನಿಗೂ ಮಾಡುವ ಅನ್ಯಾಯ. ಹಾಡಿನ ನೋವು ನಿಜವಾದುದೆಂದು ಒಪ್ಪಲು ಅದು ಯಾರ ನೋವೆಂದು ಪತ್ತೆಮಾಡಬೇಕಾಗಿಲ್ಲ.

ಯಂತ್ರಕಂಠ ಕೇವಲ ಸಂಕೋಚಶೀಲರ ಮರೆಯಾಗಿತ್ತೆಂಬ ಊಹೆಗೆ ಇನ್ನೊಂದು ಅಡ್ಡಿಯಿದೆ. ಹಾಚಿ ಎಂಬ ಹೆಸರಿನಿಂದ ಗೀತೆಗಳನ್ನು ಪ್ರಕಟಿಸುತ್ತಿದ್ದ ಯೊನೆಜು ಕೆನ್ಶಿ 2012ರಲ್ಲಿ ನಿಜನಾಮದಿಂದ, ಸ್ವಂತ ಕಂಠದಿಂದ ‘ಡಯೊರಾಮಾ’ ಸಂಪುಟವನ್ನು ಹೊರತಂದು ಪ್ರಸಿದ್ಧನಾದನು. ವೊವಾಕಾನೂ ಹಿಟೋರಿಯೆ ತಂಡದ ಗಾಯಕನಾದನು. ಮರೆ ಇಬ್ಬರಿಗೂ ಬೇಡವಾಗಿತ್ತು. ಆದರೂ 2017ರಲ್ಲಿ ಒಬ್ಬನು ‘ಮರಳಿನ ಗ್ರಹ’ವನ್ನೂ ಇನ್ನೊಬ್ಬನು ‘ಅನ್‌ನೋನ್ ಮದರ್ ಗೂಸ್’ ಗೀತೆಯನ್ನೂ ಮಿಕುವಿಗಾಗಿಯೇ ರಚಿಸಿದರು. ಅದು ಆಕೆಯ ಹತ್ತನೆಯ ವರ್ಷದ ಸಂದರ್ಭವಾದುದರಿಂದ ಈ ಸಾಕ್ಷ್ಯ ನಿಷ್ಕಳಂಕವಲ್ಲವೆಂಬುದನ್ನು ಒಪ್ಪುತ್ತೇವೆ. ಆದರೆ ಮೊದಲನೆಯ ಗೀತೆಯನ್ನು ಕೇಳಿದವರು ಅದನ್ನು ಉತ್ಸವಗೀತೆಯೆನ್ನಲಾರರು. ಹುಟ್ಟುಹಬ್ಬಕ್ಕೆ ಆತ ತಂದುದು ಮರುಭೂಮಿಯನ್ನು.