ಪ್ಲಗ್ಗು 16, ವಾಯರು ಮುಕ್ಕಾಲು

ಎಕ್ಸ್‌ಟೆನ್ಶನ್ ಕೇಬಲ್ಲಿನ ಡಬ್ಬಿ ಮೇಲಿನ ಬರಹವನ್ನು ಒಂದು ಸಾಹಿತ್ಯ ಪ್ರಕಾರ ಅಂತ ಒಪ್ಪಿಕೊಂಡರೆ, ಮುಖ್ಯ ವಿಷಯವನ್ನು ಅಷ್ಟು ಜಾಣತನದಿಂದ ಮುಚ್ಚಿಡೋ ಬರಹ ಇನ್ನೊಂದು ಸಿಗಲಿಕ್ಕಿಲ್ಲ. ಉದ್ದ ಎಷ್ಟು ಮೀಟರ್ ಅಂತ ದೊಡ್ಡಕ್ಷರದಲ್ಲಿ ಇರುತ್ತೆ. ಹೆವಿ ಡ್ಯೂಟಿ ಅಂತ ಇರುತ್ತೆ. ಪ್ಲಗ್ಗು 16 ಆಂಪಿಯರಿನದ್ದು ಅಂತಾನೂ ಇರುತ್ತೆ. ಒಳಗಿನ ತಾಮ್ರ ಎಷ್ಟು ದಪ್ಪ? ಅದು ಬರೆದಿದ್ದರೆ ಬಾರ್‌ಕೋಡಿನ ಪಕ್ಕದಲ್ಲಿ, ಇರುವೆ ಸಾಲಿನ ಹಾಗೆ. ಎಷ್ಟೋ ಸಲ ಆ ಸಂಖ್ಯೆ 0.75 ಚದರ ಮಿಲಿಮೀಟರ್. ಅಂದ್ರೆ ಪ್ಲಗ್ಗು ಗೌಡರದ್ದು, ವಾಯರು ಆಳಿನದ್ದು.

ವೀಕೆಂಡಿಗೆ ಸಕಲೇಶಪುರಕ್ಕೋ ಚಿಕ್ಕಮಗಳೂರಿಗೋ ಟೆಂಟು ಹೊತ್ತು ಹೋಗೋ ನಮ್ಮಂಥವರು ಕೇಬಲ್ ತಗೊಳ್ಳೋ ಮುಂಚೆ ಓದೋದು ಇಂಗ್ಲೆಂಡಿನ ಕ್ಯಾಂಪಿಂಗ್ ಸಲಹೆ. 25 ಮೀಟರ್, 2.5 ಚದರ ಮಿಲಿಮೀಟರಿನ ಮೂರು ತಂತಿ, ಎರಡೂ ತುದಿಗೆ ನೀಲಿ ಬಣ್ಣದ ದುಂಡನೆ ಪ್ಲಗ್ಗು. ಸಲಹೆ ತಪ್ಪಲ್ಲ. ಆದರೆ ಅದು ಬರೆದಿರೋದು ಅಲ್ಲಿಯ ಕಂಬಕ್ಕೆ. ಅಲ್ಲಿ ಟೆಂಟಿನ ಜಾಗದ ಹತ್ತಿರ ಒಂದು ಮೋಟುಕಂಬ ಇರುತ್ತೆ, ಅದರೊಳಗೆ ಎಂಸಿಬಿ ಇರುತ್ತೆ, ಕರೆಂಟು ಸೋರಿದರೆ ಕಟ್ ಮಾಡೋ ಸಾಧನನೂ ಇರುತ್ತೆ. ಕಾವಲಿನ ಅರ್ಧ ಕೆಲಸ ಕಂಬವೇ ಮಾಡುತ್ತೆ. ನಮ್ಮಲ್ಲಿ ಹೋಮ್‌ಸ್ಟೇ ಓನರು ಅಡುಗೆಮನೆ ಕಿಟಕಿಯಿಂದ ಒಂದು ಸಾಕೆಟ್ ತೋರಿಸ್ತಾರೆ, ಅಷ್ಟೇ. ಆ ಸಾಕೆಟ್ಟಿನ ಹಿಂದೆ ಏನಿದೆ ಅಂತ ಕೇಳೋರು ಯಾರು?

ಕ್ಯಾಂಪಿಂಗ್ ಅನ್ನೋ ಪದ ಬರೋ ಮುಂಚೆನೇ ನಮ್ ಕಡೆ ಬಯಲಲ್ಲಿ ತಾಡಪಾಲು ಕಟ್ಟಿ, ಎಲ್ಲಿಂದಲೋ ಕರೆಂಟು ಎಳೆದು ರಾತ್ರಿ ಕಳೆಯೋ ರೂಢಿ ಇತ್ತು. ಅದಕ್ಕೆ ಉರುಸು ಅಂತಾರೆ, ಜಾತ್ರೆ ಅಂತಾರೆ. ಶಿಗ್ಗಾಂವಿ ತಾಲೂಕಿನ ಹುಲಗೂರನ್ನೇ ತಗೊಳ್ಳಿ. ಶಿಶುನಾಳ ಶರೀಫರ ಕಥೆ ಗೊತ್ತಿದ್ದವರಿಗೆ ಹಜರೇಶ ಖಾದ್ರಿಯವರ ಊರು ಅಂದರೆ ಸಾಕು. ಇಂಥ ಊರಿನ ಉರುಸಿನಲ್ಲಿ ಬಳೆ ಅಂಗಡಿ, ಆಟಿಕೆ ಅಂಗಡಿ, ಮಂಡಕ್ಕಿ-ಮಿರ್ಚಿ ಅಂಗಡಿ ಎಲ್ಲಕ್ಕೂ ಕರೆಂಟು ಬರೋದು ಇಂಥದೇ ವಾಯರಿನಲ್ಲಿ. ಸಿಟಿಯವರು ನೋಡಿದರೆ ಮೊದಲು ಹೇಳೋದು, ಅಯ್ಯೋ ಎಷ್ಟು ತೆಳ್ಳಗಿದೆ ಅಂತ.

ಅಲ್ಲೇ ಲೆಕ್ಕ ತಪ್ಪೋದು. 9 ವ್ಯಾಟಿನ ಹತ್ತು ಎಲ್ಇಡಿ ಬಲ್ಬು ಅಂದರೆ 90 ವ್ಯಾಟು, ಅರ್ಧ ಆಂಪಿಯರೂ ಇಲ್ಲ. ಬಳೆ ಅಂಗಡಿಗೆ 0.75 ಧಾರಾಳ ಸಾಕು. ಅದೇ ವಾಯರಿಗೆ ನಮ್ಮ ಟೆಂಟಿನವರು 1500 ವ್ಯಾಟಿನ ಕೆಟಲ್ ಹಾಕಿದರೆ 6.5 ಆಂಪಿಯರ್. 30 ಮೀಟರ್ ಕೇಬಲ್ಲಿನಲ್ಲಿ ಕರೆಂಟು ಹೋಗಿ ಬರಬೇಕು, ಒಟ್ಟು 60 ಮೀಟರ್ ತಾಮ್ರ, ಸುಮಾರು 1.56 ಓಮ್. ಹತ್ತು ವೋಲ್ಟು ದಾರೀಲೇ ಖಾಲಿ, 66 ವ್ಯಾಟು ಬರೀ ಬಿಸಿ. ಹುಲ್ಲಿನ ಮೇಲೆ ಉದ್ದಕ್ಕೆ ಹಾಸಿದ್ದರೆ ಮೀಟರಿಗೆ ಎರಡು ವ್ಯಾಟು, ಗೊತ್ತೇ ಆಗಲ್ಲ. ಡ್ರಮ್ಮಿಗೆ ಸುತ್ತಿದ ಹಾಗೇ ಬಿಟ್ಟರೆ? ಹಳೇ 60 ವ್ಯಾಟಿನ ಬಲ್ಬನ್ನು ಕಂಬಳಿಯಲ್ಲಿ ಸುತ್ತಿಟ್ಟ ಹಾಗೆ. ಸಾಮಾನ್ಯ ಪಿವಿಸಿ ತಡೆಯೋದು 70 ಡಿಗ್ರಿ. ಹತ್ತು ಮೀಟರ್ ಸಾಕು ಅಂತ ಅಷ್ಟೇ ಬಿಚ್ಚಿ, ಉಳಿದದ್ದನ್ನು ನೀಟಾಗಿ ಸುತ್ತಿಡೋದು ನಮ್ಮ ಶಿಸ್ತು. ಆ ಶಿಸ್ತೇ ಇಲ್ಲಿ ಅಪಾಯ. 2.5ರ ವಾಯರಾದರೆ ಅದೇ ಕೆಟಲ್ಲಿಗೆ ಮೂರು ವೋಲ್ಟು, 20 ವ್ಯಾಟು.

ಇದಕ್ಕಿಂತ ಗಂಭೀರವಾದದ್ದು ಶಾರ್ಟ್ ಸರ್ಕ್ಯೂಟು. ಶಾರ್ಟ್ ಆದರೆ ಎಂಸಿಬಿ ಬೀಳುತ್ತೆ ಅನ್ನೋದು ನಮ್ಮ ನಂಬಿಕೆ. ಮನೆಗಳಲ್ಲಿ ಸಾಮಾನ್ಯವಾದ 16 ಆಂಪಿಯರಿನ ಸಿ ಮಾದರಿ ಎಂಸಿಬಿ ತಕ್ಷಣ ಬಿದ್ದೇ ಬೀಳುತ್ತೆ ಅನ್ನಬೇಕಾದರೆ 160 ಆಂಪಿಯರ್ ಹರೀಬೇಕು. ಆ 30 ಮೀಟರ್ ಸಣ್ಣ ವಾಯರಿನ ತುದಿಯಲ್ಲಿ ಶಾರ್ಟ್ ಆದರೆ 230 ಭಾಗಿಸು 1.56, ಎಷ್ಟು ಹರಿದರೂ 147 ಆಂಪಿಯರ್ ದಾಟಲ್ಲ. ಊರಿನ ಲೈನು ಬೇರೆ ಅದನ್ನು ಇನ್ನೂ ಇಳಿಸುತ್ತೆ. ಎಂಸಿಬಿ ಯೋಚನೆ ಮಾಡ್ತಾ ಕೂತಿರುತ್ತೆ, ಅಷ್ಟೊತ್ತಿಗೆ ವಾಯರು ಕರಗ್ತಾ ಇರುತ್ತೆ. ವಾಯರಿನ ದಪ್ಪ ಅಂದರೆ ಬರೀ ಲೋಡಿನ ಪ್ರಶ್ನೆ ಅಲ್ಲ, ಕಾವಲುಗಾರನಿಗೆ ಕೂಗು ಕೇಳಿಸುತ್ತಾ ಅನ್ನೋ ಪ್ರಶ್ನೆ. ಡಬ್ಬಿಯ ಯಾವ ಮೂಲೆಯಲ್ಲೂ ಇದನ್ನು ಬರೆಯಲ್ಲ.

ಹಾಗಂತ ಉರುಸಿನ ವಾಯರಿಂಗಿಗೆ ಸರ್ಟಿಫಿಕೇಟ್ ಕೊಡ್ತಿಲ್ಲ. ಅಲ್ಲಿಯ ತಪ್ಪು ದಪ್ಪದ್ದಲ್ಲ, ಅರ್ಥಿಂಗಿನದ್ದು. ಎರಡು ತಂತಿ ಸಾಕು, ಮೂರನೇದು ದಂಡ ಅನ್ನೋ ಲೆಕ್ಕ. ತುದಿ ಸುಲಿದು ಸಾಕೆಟ್ಟಿಗೆ ಚುಚ್ಚಿ ಬೆಂಕಿಕಡ್ಡಿ ಸಿಗಿಸೋದು. ಬಲ್ಬಿಗೆ ಅರ್ಥಿಂಗ್ ಬೇಡ, ನಿಜ. ಪಕ್ಕದಲ್ಲೇ ಕಬ್ಬಿನ ಹಾಲಿನ ಗಾಣ ಇರುತ್ತಲ್ಲ, ಕಬ್ಬಿಣದ ಮೈಯಿ, ಕೆಳಗೆ ಒದ್ದೆ ನೆಲ, ಹಿಡಿದವನ ಕೈಯೂ ಒದ್ದೆ. ಒಂದು ಎಚ್‌ಪಿ ಮೋಟಾರು ಸ್ಟಾರ್ಟ್ ಆಗುವಾಗ ಓಡೋ ಕರೆಂಟಿನ ಐದಾರು ಪಟ್ಟು ಎಳೆಯುತ್ತೆ. ಸಣ್ಣ ವಾಯರಿನಲ್ಲಿ ವೋಲ್ಟೇಜು ಕುಸಿದು ಗುಂಯ್ ಅಂತ ನಿಂತುಬಿಡುತ್ತೆ, ಬಿಸಿಯಾಗುತ್ತೆ, ಒಳಗಿನ ಇನ್ಸುಲೇಶನ್ ಹೋದರೆ ಮೈಗೇ ಕರೆಂಟು. ಅರ್ಥ್ ತಂತಿ ಇದ್ದರೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಯಾರೂ ಮುಟ್ಟೋ ಮುಂಚೆನೇ ಕಟ್ ಮಾಡುತ್ತೆ. ಇಲ್ಲದಿದ್ದರೆ ಅದಕ್ಕೆ ಸುದ್ದಿ ಮುಟ್ಟೋದು ಮನುಷ್ಯನ ಮೂಲಕ. ನಮ್ಮ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ನು ಉದ್ದವಾಗಿ ಇರೋದೇ ಮೊದಲು ಅದು ತಾಗಲಿ ಅಂತ. ಅದನ್ನೇ ಬಿಟ್ಟು ವಾಯರು ಎಳೆಯೋದನ್ನು ಹಳ್ಳಿ ಜಾಣತನ ಅಂತ ಹೊಗಳೋದು ನನ್ನಿಂದಾಗಲ್ಲ.

ಅದಕ್ಕೇ ರೆಡಿಮೇಡ್ ಡಬ್ಬಿ ಬಿಟ್ಟು, ಹುಬ್ಬಳ್ಳಿಯಲ್ಲೋ ಎಸ್‌ಪಿ ರೋಡಿನಲ್ಲೋ ಮೀಟರ್ ಲೆಕ್ಕದಲ್ಲಿ ಮೂರು ತಂತಿಯ ತಾಮ್ರದ ಕೇಬಲ್ ತಗೊಳ್ಳೋದು ವಾಸಿ. ವಾಯರಿನ ಮೈಮೇಲೇ ಐಎಸ್ 694 ಅಂತ, ದಪ್ಪ ಎಷ್ಟು ಅಂತ ಅಚ್ಚಾಗಿರುತ್ತೆ, ಅದನ್ನು ಓದಿ. ಬರೀ ಲೈಟು, ಫೋನ್ ಚಾರ್ಜರ್ ಅಂದರೆ 1.5, ಕೆಟಲ್ ಇಂಡಕ್ಷನ್ ಅಂದರೆ 2.5. ಉದ್ದ ಬೇಕಾದಷ್ಟೇ, ಇರಲಿ ಅಂತ 50 ಮೀಟರ್ ಬೇಡ. ಆರ್‌ಸಿಸಿಬಿ ಸಾಕೆಟ್ಟಿನ ಕಡೆ ತುದಿಯಲ್ಲಿ ಇರಬೇಕು, ಟೆಂಟಿನೊಳಗೆ ಅಲ್ಲ. ಯಾಕಂದ್ರೆ ಟ್ರ್ಯಾಕ್ಟರ್ ಗಾಲಿ ಹತ್ತೋದು ನಡುವಿನ ವಾಯರಿನ ಮೇಲೆ. ಟೆಂಟಿನ ಕಡೆಯ ಬೋರ್ಡನ್ನು ನೆಲಕ್ಕೆ ಬಿಡದೆ ಗೂಟಕ್ಕೆ ನೇತುಹಾಕಿ. ಅದರ ಮೇಲೆ ಪ್ಲಾಸ್ಟಿಕ್ ಚೀಲ ಬಿಗಿದು ಕಟ್ಟೋ ರೂಢಿ ಇದೆಯಲ್ಲ, ಉರುಸಿನಲ್ಲೂ ಅದೇ, ಸಕಲೇಶಪುರದಲ್ಲೂ ಅದೇ. ಕಟ್ಟಲೇಬೇಕು ಅಂದರೆ ಬಾಯಿ ಕೆಳಗೆ ಮಾಡಿ, ಸಡಿಲ ಬಿಡಿ. ಬಿಗಿದ ಚೀಲದೊಳಗೆ ಹೋದ ನೀರು ಬೆಳಗಿನ ತನಕ ಅಲ್ಲೇ ಇರುತ್ತೆ.