ಹಕ್ಕಿಗಳ ದ್ವೀಪದಲ್ಲಿ ಕವಿ

ಬಂಗಾಳದ ಚಿತ್ರಕಾರ ಗಗನೇಂದ್ರನಾಥ ಠಾಕೂರರ ಮಾತು ಬಂದಾಗಲೆಲ್ಲ ಒಂದು ತೀರ್ಪು ಮೊದಲೇ ಬಂದು ಕೂತಿರುತ್ತದೆ. ಕಲ್ಕತ್ತೆಯಲ್ಲಿದ್ದುಕೊಂಡು ಪಿಕಾಸೊನನ್ನು ಅನುಕರಿಸಲು ಹೋದರು, ವಸ್ತುವನ್ನು ಕೋನಗಳಾಗಿ ಒಡೆದು ಬರೆಯುವ ಕ್ಯೂಬಿಸಂ ಅವರ ಕೈಗೆ ಹತ್ತಲಿಲ್ಲ ಎಂದು. 1959ರಲ್ಲಿ ಕಲಾವಿಮರ್ಶಕ ಡಬ್ಲ್ಯು. ಜಿ. ಆರ್ಚರ್ ‘ಇಂಡಿಯಾ ಅಂಡ್ ಮಾಡರ್ನ್ ಆರ್ಟ್’ ಪುಸ್ತಕದಲ್ಲಿ ಹೇಳಿದ್ದರ ಸಾರವೂ ಇದೇ. ಕಲಾ ಇತಿಹಾಸಕಾರ ಪಾರ್ಥ ಮಿತ್ತರ್ ಇದನ್ನು ಬಲವಾಗಿ ಅಲ್ಲಗಳೆದ ಮೇಲೂ ಆ ಮಾತು ಬಾಯಿಂದ ಬಾಯಿಗೆ ನಡೆದೇ ಇದೆ. ಗಗನೇಂದ್ರರು 1925ರ ಸುಮಾರಿಗೆ ರವೀಂದ್ರನಾಥರನ್ನು ಬರೆದ ‘ಹಕ್ಕಿಗಳ ದ್ವೀಪದಲ್ಲಿ ಕವಿ’ ಎಂಬ ಜಲವರ್ಣದ ಮುಂದೆ ಈ ತೀರ್ಪು ನಿಲ್ಲುವುದಿಲ್ಲ ಎಂಬುದು ನನ್ನ ವಾದ.

ಹೋಲಿಕೆಗೆ, ಪಿಕಾಸೊ 1910ರಲ್ಲಿ ಬರೆದ ಕಾನ್ವೈಲರ್ ಭಾವಚಿತ್ರ ತೈಲವರ್ಣದ್ದು. ಕಲಾಕೃತಿಗಳ ವ್ಯಾಪಾರಿ ಕಾನ್ವೈಲರ್ ಮತ್ತೆ ಮತ್ತೆ ಎದುರು ಬಂದು ಕೂತರು. ಪಿಕಾಸೊ ಅವರ ಮೈಯನ್ನು ಬೂದು, ಕಂದು ಚೂರುಗಳಾಗಿ ಬಿಡಿಸುತ್ತ ಹೋಗಿ, ಗುರುತಿಗೆಂದು ಕೂದಲ ಒಂದು ಅಲೆಯನ್ನೂ ಹೆಣೆದ ಕೈಗಳನ್ನೂ ಉಳಿಸಿದ. ಎಣ್ಣೆಬಣ್ಣ ಎಷ್ಟು ತಿದ್ದಾಟವನ್ನಾದರೂ ತಡೆದುಕೊಳ್ಳುತ್ತದೆ. ಜಲವರ್ಣಕ್ಕೆ ಆ ತಾಳ್ಮೆಯಿಲ್ಲ. ಅಲ್ಲಿ ಬಿಳಿ ಎಂದರೆ ಬಳಿಯದೆ ಬಿಟ್ಟ ಕಾಗದ. ಬೆಳಕು ಎಲ್ಲಿರಬೇಕೆಂಬುದು ಕುಂಚ ಅದ್ದುವ ಮೊದಲೇ ಗೊತ್ತಿರಬೇಕು. ಒಣ ಕಾಗದದ ಮೇಲೆ ತೆಳುವಾಗಿ ಬಣ್ಣ ಹರಿಸಿ ನೋಡಿ. ಆರುವಾಗ ಅದು ಅಂಚಿಗೆ ಸರಿದು ಗಾಢವಾದ ಗೆರೆ ಕಟ್ಟುತ್ತದೆ, ನಡುವೆ ತಿಳಿಯಾಗುತ್ತದೆ. ಮೇಲೊಂದು ಪದರ ಎಳೆದರೂ ಕೆಳಗಿನದು ಕಾಣುತ್ತಲೇ ಇರುತ್ತದೆ. ಗಗನೇಂದ್ರರ ಚಿತ್ರದಲ್ಲಿ ಹೀಗೆ ಕೂಡಿಬಂದ ಕೋನಗಳನ್ನು ವಸ್ತುವಿನ ತುಂಡುಗಳೆಂದು ನೋಡಿದರೆ ಕಣ್ಣು ತಪ್ಪುತ್ತದೆ. ಅವು ಗಾಜಿನ ಹಿಂದಿನ ಗಾಜು. ಬೆಂಗಳೂರಿನಲ್ಲಿ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳ ಮುಂದೆ ನಿಂತವರಿಗೆ, ನೀರು ಬೆಳಕನ್ನು ಹೇಗೆ ಹಿಡಿದಿಡುತ್ತದೆಂದು ನಾನು ವಿವರಿಸಬೇಕಿಲ್ಲ. ವೆಂಕಟಪ್ಪ ಕಲಿತದ್ದು ಗಗನೇಂದ್ರರ ತಮ್ಮ ಅವನೀಂದ್ರರ ಬಳಿಯೇ.

ಜೋರಾಸಂಕೋದ ಠಾಕೂರರ ಮನೆಗೆ ಈ ನೀರಿನ ವಿದ್ಯೆ ಪ್ಯಾರಿಸ್ಸಿನಿಂದ ಬಂದದ್ದಲ್ಲ. 1903ರಲ್ಲಿ ಜಪಾನಿನ ಚಿತ್ರಕಾರ ಯೊಕೊಯಾಮ ತಾಯ್ಕಾನ್ ಕಲ್ಕತ್ತೆಗೆ ಬಂದಿದ್ದರು. ಅವರ ಒಡನಾಟದಿಂದ ಅವನೀಂದ್ರರ ವಾಶ್ ಪದ್ಧತಿ ಬೆಳೆಯಿತು, ಗಗನೇಂದ್ರರ ಮಸಿಯ ಕುಂಚ ಪಳಗಿತು. ಜೋರಾಸಂಕೋದ ನಾಟಕಗಳಲ್ಲಿ ನಟಿಸಿ, ರಂಗಸಜ್ಜಿಕೆಗೂ ಕೈ ಹಚ್ಚಿದವರು ಗಗನೇಂದ್ರರು. ಕತ್ತಲೆಯಲ್ಲಿ ದೀಪ ಎಲ್ಲಿ ಬೀಳಬೇಕೆಂದು ಬಲ್ಲವರಿಗೆ ಕ್ಯೂಬಿಸಂ ಬೆಳಕಿನ ಹೊಸ ಸಲಕರಣೆಯಾಗಿ ಸಿಕ್ಕಿತು. 1922ರ ಡಿಸೆಂಬರಿನಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯ ಚಿತ್ರಗಳ ಪ್ರದರ್ಶನ ಕಲ್ಕತ್ತೆಗೆ ಬರುವ ಮೊದಲೇ ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಶ್ ‘ರೂಪಂ’ ಪತ್ರಿಕೆಯಲ್ಲಿ ಗಗನೇಂದ್ರರ ಕ್ಯೂಬಿಸ್ಟ್ ಚಿತ್ರಗಳ ಬಗ್ಗೆ ಬರೆದಾಗಿತ್ತು. ಆ ಪ್ರದರ್ಶನದಲ್ಲಿ ಲಿಯೊನೆಲ್ ಫೈನಿಂಗರನ ಕೃತಿಗಳೂ ಇದ್ದವು. ಆತನೂ ಪ್ಯಾರಿಸ್ಸಿನ ಕ್ಯೂಬಿಸಂ ನೋಡಿ, ಅದನ್ನು ಚರ್ಚುಗೋಪುರಗಳ ಬೆಳಕಿಗೆ ಬಗ್ಗಿಸಿಕೊಂಡವನು. ಅವನನ್ನು ಸೋತ ಪಿಕಾಸೊ ಎಂದು ಯಾರೂ ಅಳೆಯುವುದಿಲ್ಲ. ಜರ್ಮನಿಯಲ್ಲಿ ಸ್ವಂತಿಕೆಯಾದದ್ದು ಬಂಗಾಳದಲ್ಲಿ ತಪ್ಪು ತಿಳಿವಳಿಕೆ ಹೇಗಾಗುತ್ತದೆ?

ಗಗನೇಂದ್ರರ ಇಂಥ ಚಿತ್ರಗಳೆಲ್ಲ ಗಟ್ಟಿ ಎಂದು ನಾನು ವಾದಿಸಲಾರೆ. ಕೆಲವು ಬರೀ ಸೊಗಸಿನಲ್ಲೇ ಮುಗಿದುಬಿಡುತ್ತವೆ. ಆದರೆ ಈ ಭಾವಚಿತ್ರದಲ್ಲಿ ತಂತ್ರಕ್ಕೊಂದು ಕಾರಣವಿದೆ. ರವೀಂದ್ರರು ಅವರಿಗೆ ಚಿಕ್ಕಪ್ಪ, ವಯಸ್ಸಿನಲ್ಲಿ ಆರೇ ವರ್ಷ ದೊಡ್ಡವರು. 1912ರಲ್ಲಿ ಕವಿಯ ‘ಜೀವನಸ್ಮೃತಿ’ಗೆ ಚಿತ್ರ ಬರೆದುಕೊಟ್ಟವರೂ ಗಗನೇಂದ್ರರೇ. 1925ರ ಹೊತ್ತಿಗೆ ಆ ಚಿಕ್ಕಪ್ಪ ಲೋಕದ ಸೊತ್ತಾಗಿದ್ದರು. ಹಿಂದಿನ ಒಂದೇ ವರ್ಷದಲ್ಲಿ ಚೀನಾ, ಜಪಾನ್, ಅರ್ಜೆಂಟೀನಾ ತಿರುಗಿದ್ದರು. 1921ರಲ್ಲಿ ಆರಂಭವಾದ ಅವರ ವಿದ್ಯಾಸಂಸ್ಥೆ ವಿಶ್ವಭಾರತಿಯ ಧ್ಯೇಯವಾಕ್ಯವೋ ಲೋಕವೆಲ್ಲ ಒಂದೇ ಗೂಡಾಗುವ ಜಾಗವನ್ನು ಕುರಿತದ್ದು. ದ್ವೀಪದ ಹಕ್ಕಿಗಳನ್ನು ನಾನು ಆ ಗೂಡಿನ ಜೊತೆಗಿಟ್ಟು ಓದುತ್ತೇನೆ. ಗೂಡು ಎಲ್ಲರನ್ನೂ ಕರೆಯುತ್ತದೆ, ಆದರೆ ದ್ವೀಪದ ಸುತ್ತ ನೀರು. ಎಲ್ಲರಿಗೂ ಸಿಕ್ಕ ಮನುಷ್ಯ ಮನೆಯವರ ಕೈಗೆ ಸಿಗುತ್ತಿಲ್ಲ ಎಂಬ ಅಳುಕು, ಒಂದರ ಹಿಂದೊಂದು ನಿಂತ ಆ ಪಾರದರ್ಶಕ ಪದರಗಳಲ್ಲಿ ನನಗೆ ಕಾಣುತ್ತದೆ. ಮುಖವನ್ನು ತದ್ರೂಪಾಗಿ ಬರೆದಿದ್ದರೆ ಇದನ್ನು ಹೇಳಲಾಗುತ್ತಿರಲಿಲ್ಲ.

1930ರಲ್ಲಿ ಪಾರ್ಶ್ವವಾಯು ಬಡಿದು ಗಗನೇಂದ್ರರ ಕುಂಚವೂ ಮಾತೂ ನಿಂತವು. ಆ ಮೌನದಲ್ಲೇ ಎಂಟು ವರ್ಷ ಕಳೆದು 1938ರಲ್ಲಿ ತೀರಿಕೊಂಡರು. ಆರ್ಚರರ ತೀರ್ಪು ಅಚ್ಚಾದದ್ದು ಅದಾಗಿ ಇಪ್ಪತ್ತೊಂದು ವರ್ಷಕ್ಕೆ.